ನಿರ್ಲೇಪ ಸಿದ್ಧಾಂತ: ಲೋಕಸಭಾ ಅಭ್ಯರ್ಥಿಯ ಮಿತವ್ಯಯವನ್ನು ಕುರಿತು ಒಂದು ಶಾಸ್ತ್ರವಿಚಾರ

ಮಿತವ್ಯಯವೆಂಬ ಸದ್ಗುಣ ನಮ್ಮ ನಾಡಿನಲ್ಲಿ ನಶಿಸಿಹೋಯಿತು ಎಂದು ಹಲುಬುವವರು ಒಂದು ಮುಖ್ಯ ಗ್ರಂಥರಾಶಿಯನ್ನು ತೆರೆದು ನೋಡಿದಂತಿಲ್ಲ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಮೂವತ್ತು ದಿನಗಳೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕಾದ ಖರ್ಚಿನ ಲೆಕ್ಕಗಳೇ ಆ ಗ್ರಂಥರಾಶಿ. 2024ರ ಒಂದೇ ಚುನಾವಣೆಗೆ 8,360 ಮಂದಿ ಕಣದಲ್ಲಿದ್ದರು ಎಂದಮೇಲೆ, ಕರ್ತೃಗಳ ಸಂಖ್ಯೆಯಲ್ಲಿ ಇದನ್ನು ಮೀರಿಸುವ ಸಾಹಿತ್ಯಪ್ರಕಾರ ನಮ್ಮಲ್ಲಿ ಇನ್ನೊಂದಿಲ್ಲ. ಆದರೂ ವಿಮರ್ಶಕರು ಇತ್ತ ತಿರುಗಿಯೂ ನೋಡದಿರುವುದು ವಿಷಾದಕರ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದರ ಪ್ರತಿಪಾದನೆ ಇಷ್ಟು: ಭಾರತದ ಲೋಕಸಭಾ ಅಭ್ಯರ್ಥಿಯಷ್ಟು ಕೈ ಬಿಗಿಹಿಡಿದು ಬದುಕುವ ಜೀವಿ ಭೂಮಂಡಲದಲ್ಲಿ ಬೇರೆಯಿಲ್ಲ. ಚುನಾವಣೆಯಲ್ಲಿ ಹಣದ ಹೊಳೆ ಹರಿಯುತ್ತದೆಂಬ ಲೋಕಾಪವಾದ ನಿಜವೇ ಇರಬಹುದು; ಆದರೆ ಆ ಹೊಳೆಯಲ್ಲಿ ಅಭ್ಯರ್ಥಿಯ ಪಂಚೆಯ ಅಂಚೂ ನೆನೆಯುವುದಿಲ್ಲ. ಇದು ಆತನ ತಪಸ್ಸಿನ ಬಲದಿಂದಲ್ಲ, ಚುನಾವಣಾ ವೆಚ್ಚಕ್ಕೆ ಕಾನೂನು ಕೊಟ್ಟಿರುವ ಲಕ್ಷಣದ ಬಲದಿಂದ. ಇದಕ್ಕೆ ನಿರ್ಲೇಪ ಸಿದ್ಧಾಂತವೆಂದು ಹೆಸರಿಟ್ಟಿದ್ದೇವೆ.

ಮೊದಲು ಅಂಕಿಅಂಶ. 1951-52ರ ಮೊದಲ ಮಹಾಚುನಾವಣೆಯಲ್ಲಿ ಲೋಕಸಭಾ ಅಭ್ಯರ್ಥಿ 25,000 ರೂಪಾಯಿಯವರೆಗೆ ಖರ್ಚು ಮಾಡಬಹುದಿತ್ತು. ಇಂದು ಅದೇ ಮೊತ್ತ ಸಾಮಾನ್ಯ ಅಭ್ಯರ್ಥಿ ಕಟ್ಟಬೇಕಾದ ಠೇವಣಿಯಾಗಿದೆ. ಅಂದರೆ ಅಂದು ಇಡೀ ಚುನಾವಣೆ ನಡೆಸುತ್ತಿದ್ದ ದುಡ್ಡಿನಲ್ಲಿ ಇಂದು ಕಳೆದುಕೊಳ್ಳುವ ಹಕ್ಕು ಮಾತ್ರ ಸಿಗುತ್ತದೆ. ಮಿತಿ 1971ರಲ್ಲಿ 35,000ಕ್ಕೆ, 2004ರ ಚುನಾವಣೆಯ ವೇಳೆಗೆ 25 ಲಕ್ಷಕ್ಕೆ, 2014ರಲ್ಲಿ 70 ಲಕ್ಷಕ್ಕೆ ಏರಿತು. 2022ರ ಜನವರಿಯಿಂದ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ, ಗೋವಾ, ಸಿಕ್ಕಿಂ, ಲಕ್ಷದ್ವೀಪದಂಥ ಚಿಕ್ಕ ಕಡೆಗಳಲ್ಲಿ 75 ಲಕ್ಷ. ಈ ಏರಿಕೆಯ ಜೊತೆ ಅಭ್ಯರ್ಥಿಗಳ ಖರ್ಚು ಹೇಗೆ ನಡೆದುಕೊಂಡಿತು ಎಂಬುದು ನಮ್ಮ ಶೋಧನೆಯ ತಿರುಳು. ಗೆದ್ದವರು ತಾವೇ ಕೊಟ್ಟ ಲೆಕ್ಕಗಳನ್ನು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್) ಸಂಸ್ಥೆ ಒಟ್ಟುಗೂಡಿಸಿದೆ. ಗರಿಷ್ಠ ಮಿತಿ 25 ಲಕ್ಷವಿದ್ದ 2009ರಲ್ಲಿ ಸರಾಸರಿ ಖರ್ಚು ಮಿತಿಯ ಶೇ 59. ಮಿತಿ ಸುಮಾರು ಮೂರು ಪಟ್ಟಾದ 2014ರಲ್ಲಿ ಶೇ 58. ಇನ್ನೂ ಏರಿದ 2024ರಲ್ಲಿ ಶೇ 60. ನಡುವೆ 2019ರಲ್ಲಿ ಶೇ 73ಕ್ಕೆ ಜಿಗಿದದ್ದು ಉಂಟು. ಅಳತೆಯ ದೋಷವಿಲ್ಲದ ವಿಜ್ಞಾನ ಯಾವುದಿದೆ? ಪೆಟ್ರೋಲಿನ ಬೆಲೆ, ಮತದಾರರ ಸಂಖ್ಯೆ, ಕುರ್ಚಿ ಬಾಡಿಗೆ, ಪೈಪೋಟಿಯ ಕಾವು ಯಾವುದೂ ಈ ಪ್ರಮಾಣವನ್ನು ಅಲುಗಿಸಲಾರದು. ಮಿತಿಯನ್ನು ಎಲ್ಲಿಟ್ಟರೂ ಅಭ್ಯರ್ಥಿಯ ಅವಶ್ಯಕತೆಗಳು ತಾವಾಗಿಯೇ ಅದರ ಹತ್ತರಲ್ಲಿ ಆರು ಪಾಲಿಗೆ ಬಂದು ನಿಲ್ಲುತ್ತವೆ. ಪ್ರಕೃತಿಯಲ್ಲಿ ಇಂಥ ಸ್ಥಿರಾಂಕಗಳು ಬೆರಳೆಣಿಕೆಯಷ್ಟು.

ಈ ಸಾಧನೆಯ ಎತ್ತರ ತಿಳಿಯಬೇಕಾದರೆ ಭಾಗಾಕಾರ ಮಾಡಬೇಕು. ಬೆಂಗಳೂರು ಉತ್ತರ ಕ್ಷೇತ್ರದಲ್ಲಿ 2024ರ ಚುನಾವಣೆಯ ವೇಳೆಗೆ ಮತದಾರರು 32 ಲಕ್ಷದ ಆಸುಪಾಸು. ಮಿತಿ 95 ಲಕ್ಷ. ತಲೆಗೆ ಮೂರು ರೂಪಾಯಿ. ಲಕ್ಷದ್ವೀಪದಲ್ಲಿ ಮತದಾರರು ಸುಮಾರು 57 ಸಾವಿರ, ಮಿತಿ 75 ಲಕ್ಷ. ತಲೆಗೆ 130 ರೂಪಾಯಿ. ಹೆಬ್ಬಾಳದ ಮತದಾರನ ಮನವೊಲಿಸಲು ಮೂರು ರೂಪಾಯಿ ಸಾಕು, ಕವರತ್ತಿಯವನಿಗೆ 130 ಬೇಕು ಎಂದು ನಿಯಮ ಮಾಡಿದವರು ಮನಶ್ಶಾಸ್ತ್ರವನ್ನು ಆಳವಾಗಿ ಬಲ್ಲವರಿರಬೇಕು. ಬೆಂಗಳೂರಿನ ಅಭ್ಯರ್ಥಿ ಆ ಮೂರು ರೂಪಾಯಿಯಲ್ಲೂ ಒಂದಿಷ್ಟು ಉಳಿಸುತ್ತಾನೆಂಬುದನ್ನು ನೆನೆದರೆ ಮೈ ಪುಳಕಗೊಳ್ಳುತ್ತದೆ.

ಈಗ ಲಕ್ಷಣ ವಿಚಾರ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ಅಭ್ಯರ್ಥಿಯೋ ಆತನ ಚುನಾವಣಾ ಏಜೆಂಟನೋ ತಾನು ಮಾಡಿದ ಅಥವಾ ಮಾಡಲು ಅಧಿಕಾರ ಕೊಟ್ಟ, ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ, ಚುನಾವಣೆಗೆ ಸಂಬಂಧಪಟ್ಟ ಖರ್ಚೇ ಲೆಕ್ಕಕ್ಕೆ ಬರುವ ಖರ್ಚು. ನೈಯಾಯಿಕರು ಯಾವ ಲಕ್ಷಣಕ್ಕೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳ ಪರೀಕ್ಷೆ ಒಡ್ಡುತ್ತಾರೆ. ಈ ಲಕ್ಷಣದಲ್ಲಿ ಅವ್ಯಾಪ್ತಿ ಎದ್ದು ಕಾಣುತ್ತದೆಂದು, ಅಂದರೆ ಒಳಗೆ ಬರಬೇಕಾದ್ದು ಬಹಳಷ್ಟು ಹೊರಗೇ ಉಳಿದಿದೆಯೆಂದು ಎದುರುವಾದಿಯಾದ ಪೂರ್ವಪಕ್ಷಿ ಹೇಳುತ್ತಾನೆ. ಅವನಿಗೆ ತಿಳಿಯದ್ದೇನೆಂದರೆ, ಇಲ್ಲಿ ಅವ್ಯಾಪ್ತಿಯೇ ಪ್ರಯೋಜನ. ಕಾಲದ ಉಪಾಧಿಯನ್ನೇ ನೋಡಿ. ಮೊದಲು ಲೆಕ್ಕ ಶುರುವಾಗುತ್ತಿದ್ದದ್ದು ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ. ತಾನು ಅಭ್ಯರ್ಥಿಯೆಂದು ಒಬ್ಬ ಯಾವಾಗ ತೋರಿಸಿಕೊಂಡನೆಂಬುದೂ ಪ್ರಶ್ನೆಯಾಗುತ್ತಿತ್ತು. ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ 1975ರ ಜೂನ್ 12ರಂದು ಅನೂರ್ಜಿತಗೊಳಿಸಿದ ಮೇಲೆ, ಅದೇ ಆಗಸ್ಟಿನಲ್ಲಿ ಕಾಯ್ದೆ ತಿದ್ದಿ, ಹಿಂದಿನ ದಿನಾಂಕದಿಂದಲೇ ಅನ್ವಯವಾಗುವಂತೆ, ನಾಮಪತ್ರದ ದಿನವನ್ನು ಆರಂಭಬಿಂದುವಾಗಿ ಮಾಡಲಾಯಿತು. (ಆ ತೀರ್ಪಿನಲ್ಲೂ ಖರ್ಚು 35,000 ಮೀರಿತೆಂಬ ಆರೋಪ ಸಾಬೀತಾಗಲಿಲ್ಲವೆಂಬುದನ್ನು ನಮ್ಮ ಸಿದ್ಧಾಂತದ ಪರವಾಗಿ ಗುರುತಿಸಬೇಕು. ಪ್ರಧಾನಿಯ ಪದವಿ ಅಲುಗಾಡಿದ್ದು ಬೇರೆ ಕಾರಣಗಳಿಂದ.) ಅಂದಿನಿಂದ ಅಭ್ಯರ್ಥಿಯ ಜನನ ಚುನಾವಣಾಧಿಕಾರಿಯ ಮೇಜಿನ ಮುಂದೆ. ಅದಕ್ಕೆ ಮುಂಚಿನ ಎರಡು ವರ್ಷ ಆತ ಊರಹಬ್ಬಗಳಿಗೆ ಕೊಟ್ಟ ದೇಣಿಗೆ, ಕ್ರಿಕೆಟ್ ಪಂದ್ಯಾವಳಿಗೆ ಕೊಟ್ಟ ಕಪ್ಪು, ಯುಗಾದಿಗೆ ಹಂಚಿದ ಸೀರೆ, ಹುಟ್ಟುಹಬ್ಬಕ್ಕೆ ಹಾಕಿಸಿದ ಬಾಡೂಟ ಎಲ್ಲವೂ ಪೂರ್ವಜನ್ಮದವು. ಪೂರ್ವಜನ್ಮದ ಕರ್ಮ ಈ ಜನ್ಮದಲ್ಲಿ ಫಲ ಕೊಡುತ್ತದೆಂಬುದನ್ನು ನಮ್ಮ ಶಾಸ್ತ್ರಗಳು ಒಪ್ಪುತ್ತವೆ; ಲೆಕ್ಕಪುಸ್ತಕಕ್ಕೆ ಬರುತ್ತದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇನ್ನೊಂದು ತುದಿಯೂ ಅಷ್ಟೇ ಸ್ವಾರಸ್ಯಕರ. 2024ರಲ್ಲಿ ಕರ್ನಾಟಕದ ಮೊದಲ ಕಂತಿನ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ನಡುವಣ 39 ದಿನಗಳೂ ಕಾನೂನಿನ ದೃಷ್ಟಿಯಲ್ಲಿ ವೆಚ್ಚದ ಅವಧಿಯೇ. ಖರ್ಚು ಮಾಡಲು ಏನೂ ಉಳಿದಿಲ್ಲದ ಕಾಲದಲ್ಲಿ ಲೆಕ್ಕ ತೆರೆದಿರುತ್ತದೆ, ಖರ್ಚಿಗೆ ಕೊನೆಯಿಲ್ಲದ ಕಾಲದಲ್ಲಿ ಲೆಕ್ಕ ಹುಟ್ಟಿರುವುದಿಲ್ಲ.

ಲಕ್ಷಣದ ನಿಜವಾದ ಜೀವಾಳವಿರುವುದು ಕಾಲದಲ್ಲಲ್ಲ, ಕರ್ತೃವಿನಲ್ಲಿ. ಖರ್ಚು ಮಾಡಿದವರು ಯಾರು? 1974ರ ಅಕ್ಟೋಬರಿನಲ್ಲಿ ಕನ್ವರ್‌ಲಾಲ್ ಗುಪ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಒರಟು ವಾದ ಮಾಡಿತು: ಪಕ್ಷವು ಒಬ್ಬ ಅಭ್ಯರ್ಥಿಗಾಗಿ ಮಾಡಿದ ಖರ್ಚು ಇಂಥವನಿಗೇ ಎಂದು ಗುರುತಿಸುವಂತಿದ್ದು, ಆತ ಬೇಡವೆನ್ನದೆ ಅದರ ಲಾಭ ಪಡೆದಿದ್ದರೆ, ಅದು ಆತನ ಖರ್ಚೇ. ಅದೇ ತಿಂಗಳು ಮುಗಿಯುವುದರೊಳಗೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಪಕ್ಷವಾಗಲಿ ಸಂಘವಾಗಲಿ ಸ್ನೇಹಿತನಾಗಲಿ ಮಾಡಿದ ಖರ್ಚು ಅಭ್ಯರ್ಥಿಯದಲ್ಲ ಎಂಬ ವಿವರಣೆಯನ್ನು 77ನೇ ಕಲಮಿಗೆ ಅಂಟಿಸಿತು. ಹಸಿವು ನೀಗಿಸುವ ಯೋಜನೆಗಳಿಗೆ ದಶಕಗಳು ಹಿಡಿಯುವ ನಾಡಿನಲ್ಲಿ ಒಂದು ದಾರ್ಶನಿಕ ಸಮಸ್ಯೆ ಹೀಗೆ ವಾರಗಳಲ್ಲಿ ಪರಿಹಾರವಾದದ್ದು ಅಪೂರ್ವ. ಭೋಕ್ತೃ ಬೇರೆ, ಕರ್ತೃ ಬೇರೆ ಎಂದು ಕಾನೂನು ಸಾರಿತು. ಸುಮಾರು ಮೂರು ದಶಕಗಳ ಕಾಲ ಈ ದ್ವೈತಮತ ಅಬಾಧಿತವಾಗಿ ನಡೆಯಿತು. 2003ರ ತಿದ್ದುಪಡಿ ಸ್ನೇಹಿತರಿಗೂ ಸಂಘಗಳಿಗೂ ಇದ್ದ ಸಾರಾಸಗಟು ವಿನಾಯಿತಿಯನ್ನು ತೆಗೆದು, ಅದರ ಜಾಗದಲ್ಲಿ ತಾರಾ ಪ್ರಚಾರಕರೆಂಬ ಹೊಸ ದೇವತಾವರ್ಗವನ್ನು ಪ್ರತಿಷ್ಠಾಪಿಸಿತು. ಮಾನ್ಯತೆ ಪಡೆದ ಪಕ್ಷಕ್ಕೆ ನಲವತ್ತು, ಬರೀ ನೋಂದಾಯಿತ ಪಕ್ಷಕ್ಕೆ ಇಪ್ಪತ್ತು. ಇವರು ವಿಮಾನದಲ್ಲೋ ಹೆಲಿಕಾಪ್ಟರಿನಲ್ಲೋ ಬಂದಿಳಿಯುವ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ಅಭ್ಯರ್ಥಿಯ ಹೆಸರು, ಭಾವಚಿತ್ರ ಇಲ್ಲದ ಪಕ್ಷದ ಸಾಮಾನ್ಯ ಪ್ರಚಾರವೂ ಪಕ್ಷದ ಲೆಕ್ಕಕ್ಕೆ. ಪಕ್ಷದ ಲೆಕ್ಕಕ್ಕೋ, ಮಿತಿಯೇ ಇಲ್ಲ. 2019ರ ಚುನಾವಣೆಗೆ ಬಿಜೆಪಿ ತೋರಿಸಿದ ಖರ್ಚು ಸುಮಾರು 1,264 ಕೋಟಿ, ಕಾಂಗ್ರೆಸ್ ತೋರಿಸಿದ್ದು ಸುಮಾರು 820 ಕೋಟಿ. ಎರಡೂ ಕಾನೂನುಬದ್ಧ. ಇನ್ನೂ ಹತ್ತು ಪಟ್ಟು ತೋರಿಸಿದ್ದರೂ ಕಾನೂನುಬದ್ಧವೇ.

ಆದರೆ ದೇವತೆಗಳ ಸಾನ್ನಿಧ್ಯಕ್ಕೂ ನಿಯಮಗಳಿವೆ, ಇಲ್ಲಿ ವಿದ್ವಾಂಸರು ಎಚ್ಚರದಿಂದಿರಬೇಕು. ತಾರಾ ಪ್ರಚಾರಕರ ಸಭೆಯಲ್ಲಿ ಅಭ್ಯರ್ಥಿ ವೇದಿಕೆ ಹತ್ತಿದರೆ, ಅಥವಾ ಅವನ ಹೆಸರೋ ಚಿತ್ರವೋ ಅಲ್ಲಿ ರಾರಾಜಿಸಿದರೆ, ಪೆಂಡಾಲು, ಕುರ್ಚಿ, ಧ್ವನಿವರ್ಧಕದ ಖರ್ಚು ಅವನ ತಲೆಗೆ ಬರುತ್ತದೆ. ಹಲವು ಅಭ್ಯರ್ಥಿಗಳಿದ್ದರೆ ಹಂಚಿಕೆಯಾಗುತ್ತದೆ. ಇದನ್ನು ಸಾನ್ನಿಧ್ಯದೋಷ ಎನ್ನಬಹುದು. ಮಡಿಯುಟ್ಟ ಅಜ್ಜಿ ಅಡುಗೆಮನೆಯ ಹೊಸ್ತಿಲಾಚೆ ನಿಂತು ಮಾತಾಡಿಸಿದಂತೆ, ಚತುರ ಅಭ್ಯರ್ಥಿ ತನಗಾಗಿಯೇ ನಡೆಯುವ ಸಭೆಯಿಂದ ತುಸು ದೂರ ನಿಲ್ಲುತ್ತಾನೆ. ಮೆಟ್ಟಿಲ ಕೆಳಗೆ ನಿಂತರೆ ಖರ್ಚಿಲ್ಲ, ಮೇಲೆ ಹತ್ತಿದರೆ ಖರ್ಚು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇದ್ದಾಗ ಅರ್ಧ ಖರ್ಚೇ ಎಂಬುದು ಇನ್ನೂ ತೀರ್ಮಾನವಾಗಬೇಕಾದ ವಿಷಯ.

ಪ್ರಮಾಣ ವಿಚಾರಕ್ಕೆ ಬಂದರೆ, ಈ ಶಾಸ್ತ್ರದಲ್ಲಿ ಪ್ರತ್ಯಕ್ಷಕ್ಕೇ ಅಗ್ರಸ್ಥಾನ. ಬೇರೆ ಇಲಾಖೆಗಳಿಂದ ಕರೆತಂದ ವೆಚ್ಚ ವೀಕ್ಷಕರು, ಸಭೆಗಳ ವಿಡಿಯೊ ತೆಗೆಯುವ ತಂಡ, ತೆಗೆದ ವಿಡಿಯೊವನ್ನು ಕೂತು ನೋಡುವ ಇನ್ನೊಂದು ತಂಡ, ಫ್ಲೈಯಿಂಗ್ ಸ್ಕ್ವಾಡು, ಚೆಕ್‌ಪೋಸ್ಟು, ಪತ್ರಿಕೆಗಳಲ್ಲಿ ಕಾಸಿಗಾಗಿ ಬಂದ ಸುದ್ದಿಯನ್ನು ಹುಡುಕುವ ಸಮಿತಿ, ಅಭ್ಯರ್ಥಿಯ ವಹಿಗೆ ಪ್ರತಿಯಾಗಿ ಅಧಿಕಾರಿಗಳೇ ಬರೆದಿಡುವ ನೆರಳು ವಹಿ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಎರಡೂ ವಹಿಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಜಿಲ್ಲಾಡಳಿತ ಪಕ್ಷಗಳೊಡನೆ ಚರ್ಚಿಸಿ ದರಪಟ್ಟಿ ಹೊರಡಿಸುತ್ತದೆ: ಕಾಫಿಗೆ ಇಷ್ಟು, ಇಡ್ಲಿಗೆ ಇಷ್ಟು, ಹೂವಿನ ಹಾರಕ್ಕೆ ಇಷ್ಟು, ಶಾಮಿಯಾನದ ಅಡಿಗೆ ಇಷ್ಟು. ಇದರ ಫಲವಾಗಿ ಹಾರ ಎಣಿಸುವ, ಕುರ್ಚಿ ಎಣಿಸುವ, ಉಪ್ಪಿಟ್ಟಿನ ತಟ್ಟೆ ಎಣಿಸುವ ಒಂದು ಸೂಕ್ಷ್ಮದರ್ಶಕ ವಿದ್ಯೆ ನಮ್ಮಲ್ಲಿ ಬೆಳೆದಿದೆ. ಇಷ್ಟು ಕಣ್ಣುಗಳಿದ್ದೂ ದೊಡ್ಡದು ಸಿಕ್ಕಿಬೀಳುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಉತ್ತರ: ಸೂಕ್ಷ್ಮದರ್ಶಕದಲ್ಲಿ ಆನೆ ಕಾಣಲಿಲ್ಲವೆಂದು ದೂರುವುದು ಉಪಕರಣದ ಸ್ವಭಾವ ತಿಳಿಯದವರ ಮಾತು.

ಪೂರ್ವಪಕ್ಷಿ ಈಗ ತನ್ನ ಬಲವಾದ ಅಸ್ತ್ರ ತೆಗೆಯುತ್ತಾನೆ. ದೆಹಲಿಯ ಸೆಂಟರ್ ಫಾರ್ ಮೀಡಿಯಾ ಸ್ಟಡೀಸ್ 2024ರ ಚುನಾವಣೆಗೆ ಎಲ್ಲ ಸೇರಿ 1.35 ಲಕ್ಷ ಕೋಟಿ ರೂಪಾಯಿ ಖರ್ಚಾಗಬಹುದೆಂದು ಅಂದಾಜು ಮಾಡಿತು. ಕಣದಲ್ಲಿದ್ದ 8,360 ಮಂದಿಯೂ, ಠೇವಣಿ ಕಳೆದುಕೊಂಡ ಪಕ್ಷೇತರರೂ ಸೇರಿ, ತಲಾ 95 ಲಕ್ಷವನ್ನು ಕೊನೆಯ ಪೈಸೆಯವರೆಗೆ ಖರ್ಚು ಮಾಡಿದ್ದರೂ ಮೊತ್ತ 7,942 ಕೋಟಿ. ಅಂದಾಜಿನ ನೂರಕ್ಕೆ ಆರು ಪಾಲೂ ಇಲ್ಲ. ಉಳಿದದ್ದು ಯಾರು ಖರ್ಚು ಮಾಡಿದರು? ಸರ್ಕಾರದ ಖರ್ಚು, ಪಕ್ಷಗಳ ಖರ್ಚು, ತಿಂಗಳುಗಟ್ಟಲೆ ಮೊದಲೇ ಆದ ಖರ್ಚು ಆ ಅಂದಾಜಿನಲ್ಲಿ ಸೇರಿವೆ, ಅಂದಾಜು ಅಂದಾಜೇ ಎಂದು ಹೇಳಿ ನುಣುಚಿಕೊಳ್ಳಬಹುದು. ನಾವು ಹಾಗೆ ಮಾಡುವುದಿಲ್ಲ. ಇದೇ ಚುನಾವಣೆಯಲ್ಲಿ ಮೇ 18ರ ವೇಳೆಗೆ ಚುನಾವಣಾ ಆಯೋಗ ತಾನೇ ಪ್ರಕಟಿಸಿದಂತೆ, ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಮಾದಕವಸ್ತು, ಉಡುಗೊರೆಗಳ ಬೆಲೆ 8,889 ಕೋಟಿ. ಅದರಲ್ಲಿ ಮಾದಕವಸ್ತುಗಳದೇ ಸುಮಾರು ಶೇ 45. ಓದುಗರು ಎರಡು ಅಂಕಿಗಳನ್ನು ಜೋಡಿಸಿ ನೋಡಬೇಕು. ಎಲ್ಲ ಅಭ್ಯರ್ಥಿಗಳೂ ಸೇರಿ ಖರ್ಚು ಮಾಡಲು ಅನುಮತಿಯಿದ್ದ ಮೊತ್ತಕ್ಕಿಂತ ಹೆಚ್ಚಿನದು ದಾರಿಯಲ್ಲೇ ಸಿಕ್ಕಿಬಿತ್ತು. ಈ ಹಣಕ್ಕೆ ಡ್ರೈವರ್ ಇದ್ದಾನೆ, ಡಿಕ್ಕಿ ಇದೆ, ಕೆಲವೊಮ್ಮೆ ವಾರ್ಡುವಾರು ಚೀಟಿಯೂ ಇರುತ್ತದೆ. ಯಜಮಾನ ಮಾತ್ರ ಇರುವುದಿಲ್ಲ. ತನ್ನದೆಂದು ಯಾವ ಅಭ್ಯರ್ಥಿಯೂ ಮುಂದೆ ಬರುವುದಿಲ್ಲವೆಂಬುದೇ ಅವರ ನಿರ್ಲೇಪತೆಗೆ ಅನುಮಾನ ಪ್ರಮಾಣ. 2019ರಲ್ಲಿ ವೆಲ್ಲೂರಿನಲ್ಲಿ ಇಂಥ ಹಣ ಸಿಕ್ಕಿ ಮತದಾನವನ್ನೇ ರದ್ದು ಮಾಡಬೇಕಾಯಿತು. ಕೆಲವೇ ತಿಂಗಳಲ್ಲಿ ಮತ್ತೆ ಚುನಾವಣೆ ನಡೆದು ಒಬ್ಬರು ಗೆದ್ದರು, ಲೆಕ್ಕ ಕೊಟ್ಟರು.

ಆಪ್ತವಾಕ್ಯವೂ ಪ್ರಮಾಣವಲ್ಲವೇ, ಅಭ್ಯರ್ಥಿಯೇ ಒಪ್ಪಿಕೊಂಡರೆ ಏನು ಮಾಡುತ್ತೀರಿ ಎಂದು ಪಟ್ಟು ಹಿಡಿಯುವವರು 2013ರ ಜೂನ್ ತಿಂಗಳನ್ನು ನೆನೆಯುತ್ತಾರೆ. ಬಿಜೆಪಿ ನಾಯಕ ಗೋಪಿನಾಥ್ ಮುಂಡೆ ಮುಂಬೈಯ ಸಭೆಯೊಂದರಲ್ಲಿ, 2009ರ ತಮ್ಮ ಲೋಕಸಭಾ ಚುನಾವಣೆಗೆ ಎಂಟು ಕೋಟಿ ಖರ್ಚಾಯಿತೆಂದು ಹೇಳಿಬಿಟ್ಟರು. ಮಿತಿ ಇದ್ದದ್ದು 25 ಲಕ್ಷ, ಅವರು ಕೊಟ್ಟಿದ್ದ ಲೆಕ್ಕ 19 ಲಕ್ಷ ಚಿಲ್ಲರೆ. ಆಯೋಗ ನೋಟಿಸು ಕೊಟ್ಟಿತು. ಭಾಷಣವನ್ನು ಅಕ್ಷರಶಃ ತೆಗೆದುಕೊಳ್ಳಬಾರದೆಂಬ ಅರ್ಥದ ಸಮಜಾಯಿಷಿ ಬಂತು, ಆಯೋಗ ಎಚ್ಚರಿಕೆ ಹೇಳಿ ಬಿಟ್ಟಿತು. ಇದರಿಂದ ಸಿದ್ಧವಾಗುವ ನಿಯಮ ಮೀಮಾಂಸಕರಿಗೆ ಪರಿಚಿತವಾದದ್ದೇ: ಭಾಷಣ ಬರೀ ಬಣ್ಣನೆಯ ಅರ್ಥವಾದ, ಲೆಕ್ಕಪತ್ರ ಆಜ್ಞೆಯ ವಿಧಿವಾಕ್ಯ, ಎರಡಕ್ಕೂ ವಿರೋಧ ಬಂದರೆ ವಿಧಿಯೇ ಗೆಲ್ಲುತ್ತದೆ. ಆದರೆ ಯಾರೂ ಸಿಕ್ಕಿಬೀಳುವುದೇ ಇಲ್ಲವೆಂದರೆ ಅಪಚಾರವಾದೀತು. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಆಯೋಗ 2011ರಲ್ಲಿ ಮೂರು ವರ್ಷ ಅನರ್ಹಗೊಳಿಸಿತು. ಸುದ್ದಿಯ ವೇಷದಲ್ಲಿ ಪತ್ರಿಕೆಗಳಲ್ಲಿ ಬಂದ ಜಾಹೀರಾತಿನ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲವೆಂಬುದು ಕಾರಣ. ಮೊತ್ತ ಇಪ್ಪತ್ತೊಂದು ಸಾವಿರ ಚಿಲ್ಲರೆ. ಅದು ಬಿಟ್ಟರೆ ಅನರ್ಹರ ಪಟ್ಟಿಯಲ್ಲಿ ಬಹುಪಾಲು, ಸೋತು ಮನೆಗೆ ಹೋಗಿ ಲೆಕ್ಕ ಕೊಡುವುದನ್ನೇ ಬಿಟ್ಟವರು. ಮಿತಿ ಮೀರಿದ ಖರ್ಚು ಭ್ರಷ್ಟಾಚರಣೆಯೆಂದು ಸಾಧಿಸಬೇಕಾದರೆ ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬೇಕು. ಲೆಕ್ಕ ಕೊಡಲು ಗೆದ್ದವನಿಗೆ 30 ದಿನ ಗಡುವು. ಉಳಿದ ಹದಿನೈದು ದಿನಗಳಲ್ಲಿ ಸೋತವನು ಲೆಕ್ಕ ಪಡೆದು, ಓದಿ, ಪುರಾವೆ ಕೂಡಿಸಿ, ವಕೀಲರನ್ನು ಹಿಡಿದು ಹೊರಡಬೇಕು. ಅದಕ್ಕಿಂತ ಮುಖ್ಯವಾಗಿ ಆತನ ಸ್ವಂತ ಲೆಕ್ಕವೂ ಪಕ್ಕದ ಕಪಾಟಿನಲ್ಲೇ ಇರುತ್ತದೆ.

ಹಾಗಾದರೆ ಮಿತಿಯನ್ನೇ ತೆಗೆದುಹಾಕಿ ಎನ್ನುವ ಒಂದು ಪಂಥವಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ, ಹಣ ಖರ್ಚು ಮಾಡುವುದು ಮಾತಾಡುವ ಸ್ವಾತಂತ್ರ್ಯದ ಭಾಗವೆಂದು ಹೇಳಿ ಅಭ್ಯರ್ಥಿಗಳ ಖರ್ಚಿನ ಮಿತಿಯನ್ನು ಹೊಡೆದುಹಾಕಿತು. ಈ ಒರಟುತನ ನಮ್ಮ ಸಂಸ್ಕೃತಿಗೆ ಒಗ್ಗದು. ಮಿತಿಯಿಲ್ಲದಿದ್ದರೆ ಅಭ್ಯರ್ಥಿ ಯಾವುದರ ಶೇ 60ಕ್ಕೆ ತನ್ನನ್ನು ಹಿಡಿದಿಟ್ಟುಕೊಳ್ಳಬೇಕು? ಪಕ್ಷಗಳಿಗೂ ಮಿತಿ ಹಾಕಿ ಎನ್ನುವುದು ಇನ್ನೊಂದು ಪಂಥ. ಇವರು ಬ್ರಿಟನ್ನನ್ನು ತೋರಿಸುತ್ತಾರೆ. ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕುವ ಕಲ್ಪನೆ ನಮಗೆ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ 1883ರ ಕಾಯ್ದೆಯ ಪರಂಪರೆಯಿಂದ. ಪಕ್ಷಗಳು ದೇಶವ್ಯಾಪಿ ಹಣ ಸುರಿಯಲಾರಂಭಿಸಿದ ಮೇಲೆ ಬ್ರಿಟಿಷರು 2000ದಲ್ಲಿ ಪಕ್ಷಗಳಿಗೂ ಮಿತಿ ಹಾಕಿಕೊಂಡರು. ನಾವು ಮೊದಲರ್ಧವನ್ನು ಅಂಟಿಸಿಕೊಂಡು ಉಳಿದರ್ಧವನ್ನು ಕೈಬಿಟ್ಟದ್ದು ಮರೆವಿನಿಂದಲ್ಲ. ಒಂದು ಬಾಗಿಲಿಗೆ ಬೀಗ ಜಡಿದಾಗಲೇ ಪಕ್ಕದ ಬಾಗಿಲಿನ ಬೆಲೆ ತಿಳಿಯುವುದು. ಇನ್ನು 1998ರಲ್ಲಿ ಇಂದ್ರಜಿತ್ ಗುಪ್ತಾ ಸಮಿತಿ, ಪಕ್ಷಗಳಿಗೆ ಸರ್ಕಾರವೇ ವಸ್ತುರೂಪದಲ್ಲಿ ನೆರವು ಕೊಡಲಿ ಎಂದಿತು. ಪಕ್ಷಗಳ ಬಳಿ ವಸ್ತುಗಳಿಗೇನೂ ಕೊರತೆ ಕಾಣದ ಕಾರಣ ಅದು ಕಪಾಟಿನಲ್ಲೇ ಉಳಿಯಿತು.

ಕೊನೆಗೆ ದಂಡ ಪ್ರಕರಣ. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಯಾರಾದರೂ ಅವನ ಪರ ಸಭೆ, ಜಾಹೀರಾತು, ಕರಪತ್ರಗಳಿಗೆ ಖರ್ಚು ಮಾಡಿದರೆ ಶಿಕ್ಷೆಯುಂಟು. 1920ರಲ್ಲಿ ಭಾರತೀಯ ದಂಡಸಂಹಿತೆಗೆ ಇದನ್ನು ಸೇರಿಸಿದಾಗ ಗರಿಷ್ಠ ದಂಡ 500 ರೂಪಾಯಿ. ಮಿತಿ ಸಾವಿರಗಳಿಂದ ಲಕ್ಷಗಳಿಗೆ ಏರುತ್ತಿದ್ದಷ್ಟು ಕಾಲವೂ ದಂಡ 500ರಲ್ಲೇ ಅಚಲವಾಗಿತ್ತು. 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹತ್ತು ಸಾವಿರವಾಯಿತು. ಆದರೆ ಆ ಕಲಮಿನ ಅಡಿಯಲ್ಲಿದ್ದ ಒಂದು ರತ್ನವನ್ನು ಹೊಸ ಸಂಹಿತೆಯೂ ಹಾಗೆಯೇ ಕಾಪಾಡಿಕೊಂಡಿದೆ. ಅನುಮತಿಯಿಲ್ಲದೆ ಮಾಡಿದ ಖರ್ಚು ಹತ್ತು ರೂಪಾಯಿ ಮೀರದಿದ್ದರೆ, ಹತ್ತು ದಿನಗಳೊಳಗೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದು ಅಪರಾಧದಿಂದ ಪಾರಾಗಬಹುದು. 1.35 ಲಕ್ಷ ಕೋಟಿಯ ಚುನಾವಣೆಯಲ್ಲಿ ಹತ್ತು ರೂಪಾಯಿಗೆ ಹೀಗೊಂದು ಪ್ರತ್ಯೇಕ ಆಶ್ರಯ ಕಟ್ಟಿಸಿ, ನೂರು ವರ್ಷ ಸುಣ್ಣಬಣ್ಣ ಹೊಡೆಸಿಟ್ಟವರ ದೂರದೃಷ್ಟಿಗೆ ಸಾಟಿಯಿಲ್ಲ. ಇಲ್ಲಿ ಒಂದೇ ಒಂದು ತೊಡಕು ಉಳಿಯುತ್ತದೆ, ಮುಂದಿನ ಸಂಶೋಧಕರು ಅದನ್ನು ಬಿಡಿಸಬೇಕು. ಆ ಲಿಖಿತ ಒಪ್ಪಿಗೆಗೆ ಬಿಳಿ ಹಾಳೆ ಬೇಕು, ಅದರ ಜೆರಾಕ್ಸ್ ಬೇಕು, ಹಾಳೆ ಹಿಡಿದು ಅಭ್ಯರ್ಥಿಯ ಕಚೇರಿಗೆ ಹೋಗಿಬರುವ ಆಟೊಗೆ ಮೀಟರಿನ ಮೇಲೆ ಒಂದೂವರೆ ಕೊಡಬೇಕು. ಇವೆಲ್ಲ ಚುನಾವಣೆಗೆ ಸಂಬಂಧಪಟ್ಟ ಖರ್ಚೇ ಆದ್ದರಿಂದ, ಇದಕ್ಕೂ ಬೇರೆ ಒಪ್ಪಿಗೆ ಪತ್ರ ಬೇಕಾಗುತ್ತದೆ. ಹತ್ತು ರೂಪಾಯಿಯಂತೂ ಆಟೊ ಹತ್ತುವಾಗಲೇ ಮೀರಿರುತ್ತದೆ.